ಕಂಪ್ಯೂಟರಿಗೂ ಅಮಾವಾಸ್ಯೆ ರಜ

ಕಚೇರಿಯಲ್ಲಿ ನನ್ನ ಮೇಜಿನ ಮೇಲಿನ ಕಂಪ್ಯೂಟರಿಗೆ ಒಂದು ಹೊದಿಕೆಯಿದೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ಕಿನದಲ್ಲ, ಬಿಳಿ ರೇಷ್ಮೆಯದು. ಒಂದು ಬದಿಗೆ ಕೆಂಪು ಅಂಚು, ಅಂಚಿನುದ್ದಕ್ಕೂ ಮಲ್ಲಿಗೆ ಮೊಗ್ಗಿನ ಸಾಲು. ಇಷ್ಟು ಕೇಳಿ ನನ್ನನ್ನು ಶೋಕಿಯ ಹೆಂಗಸೆಂದು ತೀರ್ಮಾನಿಸಿಬಿಡಬೇಡಿ, ಅದೇ ಬಿಳಿಯ ನಟ್ಟನಡುವೆ ಅಂಗೈಯಗಲದ ಮಸಿಯ ಕಲೆಯೂ ಇದೆ. ಬಂದವರ ಕಣ್ಣು ರೇಷ್ಮೆಯನ್ನೂ ಮೊಗ್ಗನ್ನೂ ದಾಟಿ ನೇರವಾಗಿ ಹೋಗಿ ಕೂರುವುದು ಆ ಕಲೆಯ ಮೇಲೇ. ಕೆಲವರು ಸೋಪಿನ ಪುಡಿಯ ಹೆಸರು ಹೇಳುತ್ತಾರೆ, ಕೆಲವರು ನಿಂಬೆರಸ ಎನ್ನುತ್ತಾರೆ, ಇನ್ನು ಕೆಲವರು ಏನೂ ಹೇಳದೆ ನನ್ನ ಮನೆಗೆಲಸದ ಬಗ್ಗೆ ಮನಸ್ಸಿನಲ್ಲೇ ಒಂದು ಅಭಿಪ್ರಾಯ ಮಾಡಿಕೊಂಡು ಹೊರಡುತ್ತಾರೆ. ಅದು ಡೀಸೆಲ್ ಹೊಗೆಯ ಮಸಿ. ಅದನ್ನು ನಾನು ಒಗೆಯುವುದಿಲ್ಲ. ಯಾಕೆಂದು ಹೇಳುತ್ತೇನೆ, ಪುರುಸೊತ್ತಿದ್ದರೆ ಕೂತು ಕೇಳಿ.

ಕಂಪ್ಯೂಟರಿನ ಕೆಲಸವೆಂದರೆ ಬಲು ಶುದ್ಧವಾದದ್ದೆಂಬ ನಂಬಿಕೆ ನಮ್ಮೆಲ್ಲರಲ್ಲೂ ಇದೆ. ಅದಕ್ಕೆ ಚಿಮಣಿಯಿಲ್ಲ, ಗದ್ದಲವಿಲ್ಲ, ಬಣ್ಣದ ನೀರು ಹರಿದು ಮೋರಿ ಸೇರುವುದಿಲ್ಲ. ಬೆರಳಾಡುತ್ತದೆ, ಪರದೆ ಬೆಳಗುತ್ತದೆ, ಕೆಲಸ ಮುಗಿಯುತ್ತದೆ. ನಾನು ಹುಟ್ಟಿದ ತೂಬಗೆರೆಯಲ್ಲಿ ಹೊಲದಿಂದ ಬಂದವರ ಕಾಲಿಗೆ ಕೆಸರು ಮೆತ್ತಿರುತ್ತಿತ್ತು. ಮದುವೆಯಾಗಿ ಬಂದ ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮುಂದಿನಿಂದ ಎದ್ದವರ ತಲೆಗೂದಲಿಗೆ ನೂಲಿನ ಧೂಳು ಹತ್ತಿರುತ್ತಿತ್ತು. ನನ್ನ ಕೆಲಸ ಮಾತ್ರ ಸಂಜೆಯಾದರೂ ಸೀರೆಯ ನೆರಿಗೆ ಕೆಡದಂಥದ್ದು. ಗಣಿತದಲ್ಲಿ ಬಿ.ಎಸ್ಸಿ. ಮಾಡಿದ್ದು ದಂಡವಾಗಲಿಲ್ಲ ಎಂದು ನಮ್ಮ ಅತ್ತೆಯೇ ಒಪ್ಪಿಕೊಂಡಿದ್ದರು, ಅವರು ಸುಲಭವಾಗಿ ಒಪ್ಪುವವರಲ್ಲ.

ತೊಂಬತ್ತರ ದಶಕದ ನಡುಭಾಗದ ಮಾತಿದು. ಬೆಂಗಳೂರಿನಿಂದ ಗೋಪಿನಾಥ್ ಎಂಬ ಹುಮ್ಮಸ್ಸಿನ ಎಂಜಿನಿಯರು ಬಂದು, ನಮ್ಮೂರಿನಲ್ಲಿ ಸೀರೆ ಡಿಸೈನಿನ ಸಾಫ್ಟ್‌ವೇರ್ ಕಂಪನಿ ತೆರೆದಿದ್ದ. ಕಂಪನಿ ಎಂಬ ಮಾತು ಬೋರ್ಡಿನಲ್ಲಿ ದೊಡ್ಡದಾಗಿ ಕಾಣುತ್ತಿತ್ತೇ ಹೊರತು ಒಳಗೆ ಇದ್ದದ್ದು ಅವನು, ನಾನು, ಒಂದಷ್ಟು ಕಂಪ್ಯೂಟರುಗಳು. ಸೀರೆಯ ಅಂಚು, ಸೆರಗಿನ ಚಿತ್ರವನ್ನು ಪರದೆಯ ಮೇಲೆ ಬರೆಯುವುದು, ಆ ಚಿತ್ರ ಬಟ್ಟೆಯಾಗಬೇಕಾದರೆ ಮಗ್ಗಕ್ಕೆ ಕಟ್ಟುವ ರಟ್ಟಿನ ಪಟ್ಟಿಗಳಲ್ಲಿ ಎಲ್ಲೆಲ್ಲಿ ತೂತು ಬೀಳಬೇಕೆಂದು ಪ್ರೋಗ್ರಾಮಿನಿಂದ ಲೆಕ್ಕ ಹಾಕಿಸುವುದು, ಇದು ನಮ್ಮ ಕಸುಬು. ಮಹಡಿಯ ಮೇಲೆ ನಾವು. ಕೆಳಗೆ ಮನೆಯೊಡತಿ ರತ್ನಮ್ಮ, ಅವರ ವಿದ್ಯುತ್ ಮಗ್ಗಗಳು, ಮಗಳು ಮಂಜುಳಾ. ಯಜಮಾನರು ತೀರಿಕೊಂಡ ಮೇಲೆ ಮಗ್ಗವನ್ನೂ ಮನೆಯನ್ನೂ ನಡೆಸಿಕೊಂಡು ಬಂದಿದ್ದ ಗಟ್ಟಿಗಿತ್ತಿ ರತ್ನಮ್ಮ. ಜೋರುಮಾತಿನವರಲ್ಲ, ಆದರೆ ಒಮ್ಮೆ ಆಡಿದರೆ ಆಡಿದಂತೆಯೇ.

ಆ ಕಾಲದ ಕಂಪ್ಯೂಟರ್ ಕೋಣೆಗಳನ್ನು ನೀವು ನೋಡಿದ್ದರೆ ನೆನಪಿರುತ್ತದೆ. ಚಪ್ಪಲಿ ಹೊರಗೆ, ಕಿಟಕಿ ಭದ್ರ, ಏಸಿ ಸದಾ ಜಾರಿಯಲ್ಲಿ. ಯಂತ್ರಕ್ಕೆ ಸೆಕೆಯಾದರೆ ಗತಿಯೇನು ಎಂಬ ಚಿಂತೆಯಲ್ಲಿ ನಾನು ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಮೂಗು ಒರೆಸಿಕೊಳ್ಳುತ್ತ ಕೂರುತ್ತಿದ್ದೆ. ಆರಿಸಿ ಹಚ್ಚಿದರೆ ಯಂತ್ರದ ಆಯುಸ್ಸು ಕಡಿಮೆಯಾಗುತ್ತದೆಂದು ಯಾರೋ ಗೋಪಿನಾಥನ ಕಿವಿಯಲ್ಲಿ ಊದಿದ್ದರು. ಹಾಗಾಗಿ ಯಾರೂ ಕೂರದ ಕಂಪ್ಯೂಟರುಗಳೂ ನೋಡುವವರಿಲ್ಲದ ಪರದೆಗಳೂ ದಿನವಿಡೀ ಉರಿಯುತ್ತಿದ್ದವು. ಒಂದು ಮೊಗ್ಗನ್ನು ಅತ್ತ ಸರಿಸಿದರೂ ಸರಿ, ಇಡೀ ಸೀರೆಯ ಲೆಕ್ಕ ಸೆರಗಿನಿಂದ ಮತ್ತೆ ಶುರು, ಆಮೇಲೆ ಅಗಲ ಹಾಳೆಯ ಮೇಲೆ ಅದೆಲ್ಲದರ ಮುದ್ರಣ. ಹಿಂದಿನ ಹಾಳೆಗಳು ಮೂಲೆಯಲ್ಲಿ ಬಣವೆಯಾಗಿ ಬೆಳೆಯುತ್ತಿದ್ದವು. ಇದನ್ನೆಲ್ಲ ನಾವು ವೇಗ ಎಂದು ಕರೆಯುತ್ತಿದ್ದೆವು, ಹೆಮ್ಮೆಯಿಂದಲೇ.

ಬೇಸಿಗೆ ಬಂತು, ಲೋಡ್ ಶೆಡ್ಡಿಂಗೂ ಬಂತು. ಹಗಲಿನಲ್ಲಿ ಕರೆಂಟು ಹೋದರೆ ಊರಿಗೂರೇ ಸ್ತಬ್ಧವಾಗಿಬಿಡುತ್ತಿತ್ತು. ಮಗ್ಗದ ಸದ್ದು ನಿಂತ ದೊಡ್ಡಬಳ್ಳಾಪುರದಲ್ಲಿ ಕಾಗೆ ಕೂಗಿದ್ದು ಕೂಡ ಬೀದಿಯಾಚೆಗೆ ಕೇಳುತ್ತಿತ್ತು. ಶ್ರಾವಣದ ಸೀರೆಗಳಿಗೆ ಹೊಸ ಡಿಸೈನು ಕೊಡುತ್ತೇನೆಂದು ಗೋಪಿನಾಥ ಊರಿನ ನೇಕಾರರಿಗೆಲ್ಲ ಮಾತು ಕೊಟ್ಟಿದ್ದ. ಏಸಿ, ಕಂಪ್ಯೂಟರು, ಪ್ರಿಂಟರು ಎಲ್ಲವೂ ಒಟ್ಟಿಗೆ ನಡೆಯಬೇಕು. ಹಿತ್ತಿಲಿಗೆ ಒಂದು ಡೀಸೆಲ್ ಜನರೇಟರ್ ಬಂತು, ಹ್ಯಾಂಡಲ್ ಹಾಕಿ ಜೋರಾಗಿ ತಿರುಗಿಸಿದರೆ ಕೆಮ್ಮಿ ಕೆಮ್ಮಿ ಏಳುವ ಜಾತಿಯದು. ಅದರ ಹೊಗೆಕೊಳವೆ ಬಾಯಿ ತೆರೆದದ್ದು ರತ್ನಮ್ಮನವರ ಹಿಂದಿನ ಕೋಣೆಯ ಕಿಟಕಿಯ ಕಡೆಗೆ.

ಆ ಕೋಣೆಯಲ್ಲಿ ಅವರ ಯಜಮಾನರ ಹಳೆಯ ಕೈಮಗ್ಗವಿತ್ತು. ಬಹಳ ವರ್ಷ ಅದರ ಮೇಲೆ ಹಾಸಿಗೆ ದಿಂಬು ಪೇರಿಸಿಟ್ಟಿದ್ದರು. ಮಂಜುಳಾಗೆ ಗಂಡು ಗೊತ್ತಾಗಿ, ಆಷಾಢಕ್ಕೆ ಮುಂಚೆ ಮುಹೂರ್ತವೆಂದು ನಿಶ್ಚಯವಾದದ್ದೇ ತಡ, ರತ್ನಮ್ಮ ಅದನ್ನು ಒರೆಸಿ, ಎಣ್ಣೆ ಬಿಟ್ಟು, ಬಿಳಿ ರೇಷ್ಮೆಯ ಹಾಸಿನ ಎಳೆಗಳನ್ನು ಹೂಡಿದರು, ಮಗಳ ಧಾರೆ ಸೀರೆಗೆ. ಅಂಚಿಗೆ ಮಲ್ಲಿಗೆ ಮೊಗ್ಗು ಬೇಕೆಂದವಳು ಮಂಜುಳಾ, ಅದನ್ನು ಪರದೆಯ ಮೇಲೆ ಬರೆದುಕೊಟ್ಟವಳು ನಾನು. ಕರೆಂಟಿದ್ದಾಗ ವಿದ್ಯುತ್ ಮಗ್ಗಗಳ ಹಿಂದೆ ಓಡಾಡುವುದರಲ್ಲೇ ರತ್ನಮ್ಮನ ಹೊತ್ತು ಹೋಗುತ್ತಿತ್ತು. ಕೈಮಗ್ಗಕ್ಕೆ ಕೂರಲು ಸಿಗುತ್ತಿದ್ದದ್ದು ಕರೆಂಟು ಹೋದ ಹೊತ್ತು ಮಾತ್ರ. ಆಗ ಬೆಳಕಿಗೆ ಕಿಟಕಿ ತೆರೆಯಲೇಬೇಕು. ನಮ್ಮ ಜನರೇಟರ್ ಏಳುತ್ತಿದ್ದದ್ದೂ ಸರಿಯಾಗಿ ಅದೇ ಹೊತ್ತಿಗೆ.

ಶುರುವಿನ ಮೊಳದಲ್ಲೇ ಮಸಿ ಕೂತಿತು. ರತ್ನಮ್ಮ ಮಹಡಿ ಹತ್ತಿ ಬಂದು, ಚಪ್ಪಲಿ ಬಿಡುವ ಕಡೆಯಲ್ಲೇ ನಿಂತರು.

"ಏನಪ್ಪಾ ಗೋಪಿ, ಒಂದ್ನಿಮಿಷ ಕೆಳಗ್ಬರ್ತೀರಾ? ನಿಮ್ ಹೊಗೆ ನಮ್ಮನೆಗ್ ಬಂದೈತೆ, ನೋಡ್ಕೊಂಡ್ ಹೋಗಿ."

ಗೋಪಿನಾಥ ನೋಡಿದ. ಕೆಟ್ಟ ಮನುಷ್ಯನಲ್ಲ ಅವನು, ಮುಖ ಸಣ್ಣದು ಮಾಡಿಕೊಂಡ. ಆದರೆ ಎಂಜಿನಿಯರ್ ನೋಡಿ, ತಕ್ಷಣ ಒಂದು ಉಪಾಯ ಹೊಳೆಯಿತು.

"ಪೈಪ್ ಎತ್ತರ ಮಾಡಿಸ್ಬಿಡ್ತೀನಿ ಅಮ್ಮಾ. ಹೊಗೆ ಮೇಲಕ್ಕೆ ಹೋಗ್ಬಿಡತ್ತೆ, ನಿಮಗೆ ತೊಂದ್ರೆ ಇರಲ್ಲ."

ಎತ್ತರ ಮಾಡಿಸಿದ. ಹೊಗೆ ಮೇಲಕ್ಕೇ ಹೋಯಿತು. ಮಾರನೆಯ ಮಧ್ಯಾಹ್ನ ಹಿಂದಿನ ಬೀದಿಯ ಹೆಂಗಸೊಬ್ಬಳು ತನ್ನ ತಾರಸಿಯ ಮೇಲೆ ಒಣಗಿಸಿದ್ದ ಸಂಡಿಗೆಯ ತಟ್ಟೆಯನ್ನು ಹಾಗೇ ಹೊತ್ತು ತಂದು ನಮ್ಮ ಬಾಗಿಲಲ್ಲಿಟ್ಟು, "ನೀವೇ ಕರ್ಕೊಂಡ್ ತಿನ್ನಿ" ಎಂದಷ್ಟೇ ಹೇಳಿ ತಿರುಗಿ ಹೋದಳು. ಸಂಡಿಗೆಯ ಮೇಲೆ ಕರಿ ಎಳ್ಳು ಉದುರಿಸಿದ ಹಾಗಿತ್ತು. ಗೋಪಿನಾಥ ಕೊಳವೆಯನ್ನು ಮತ್ತೆ ಕೆಳಗಿಳಿಸಿದ. ನನಗೆ ನಗುವೂ ಬಂತು, ಒಳಗೆಲ್ಲೋ ಕಸಿವಿಸಿಯೂ ಆಯಿತು. ಹೊಗೆಯನ್ನು ಎತ್ತರಕ್ಕೇರಿಸಿದೆವೆಂದರೆ ಪರಿಚಯವಿಲ್ಲದವರ ಮನೆಗೆ ಅದನ್ನು ಸಾಗಹಾಕಿದೆವೆಂದಷ್ಟೇ ಅರ್ಥ; ನಮ್ಮ ಅದೃಷ್ಟಕ್ಕೆ ನಮ್ಮೂರಿನಲ್ಲಿ ಪರಿಚಯವಿಲ್ಲದವರೇ ಇರಲಿಲ್ಲ.

ರತ್ನಮ್ಮ ಕಿಟಕಿ ಮುಚ್ಚಿ, ಹಾಸಿನ ಮೇಲೆ ಹಳೆಯ ಪಂಚೆ ಹೊದಿಸಿಟ್ಟರು. ದಿನ ಉರುಳುತ್ತಿತ್ತು, ಸೀರೆ ಮುಂದೆ ಸಾಗಲಿಲ್ಲ. ಅಂಗಡಿಯಲ್ಲಿ ಚೆಂದದ ಧಾರೆ ಸೀರೆ ಸಿಗುತ್ತದಲ್ಲ ಎಂದು ನಾನು ತಿಳಿಗೇಡಿಯಂತೆ ಹೇಳಿದ್ದಕ್ಕೆ ಅವರು ನನ್ನ ಮುಖವನ್ನೇ ನೋಡಿದರು.

"ಮನೇಲಿ ಮಗ್ಗ ಇಟ್ಕೊಂಡು ಅಂಗಡಿ ಸೀರೆ ಉಡ್ಸಿ ಧಾರೆ ಎರೀಲಾ ಸುಮಿತ್ರಾ? ಅವ್ರಿದ್ದಿದ್ರೆ ಅವ್ರೇ ನೇಯ್ತಿದ್ರು. ಅವ್ರ ಕೈ ಇಲ್ಲ, ಅವ್ರ ಮಗ್ಗನಾದ್ರೂ ಐತಲ್ಲ ಅಂತ ಕೂತ್ಕೊಂಡೆ ಕಣಮ್ಮಾ."

ಅಂದು ನಾನು ಮಹಡಿ ಹತ್ತಿ ಹೋಗಿ, ಸುಮ್ಮನೆ ಉರಿಯುತ್ತಿದ್ದ ಪರದೆಗಳನ್ನು ಎಣಿಸಿದೆ. ಮಂಜುಳಾ ಯಾವ ಸೀರೆ ಉಟ್ಟು ಹಸೆಮಣೆ ಏರುತ್ತಾಳೆಂಬುದು ನಮ್ಮ ಏಸಿಯ ಮೇಲೆ, ನಮ್ಮ ಹಾಳೆಯ ಬಣವೆಯ ಮೇಲೆ, ಯಾರೂ ನೋಡದ ಪರದೆಗಳ ಮೇಲೆ ನಿಂತುಬಿಟ್ಟಿತ್ತು. ಗೋಪಿನಾಥನಿಗೂ ಇದು ಗೊತ್ತಿತ್ತು. ಆದರೆ ಅವನೂ ಮಾತು ಕೊಟ್ಟವನೇ, ಊರಿನ ಅರ್ಧ ನೇಕಾರರು ಅವನ ಡಿಸೈನಿಗೆ ಕಾದಿದ್ದರು.

ಅಷ್ಟರಲ್ಲಿ ಅಮಾವಾಸ್ಯೆ ಬಂತು. ನಮ್ಮ ಕಡೆ ನೇಕಾರರ ಮನೆಗಳಲ್ಲಿ ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವುದಿಲ್ಲ. ನೂಲು ಹೊತ್ತು ಓಡುವ ಲಾಳಿಗಳನ್ನು ತೊಳೆದು ಕುಂಕುಮ ಇಟ್ಟು ದೇವರ ಮುಂದಿಡುತ್ತಾರೆ, ಮಗ್ಗಕ್ಕೂ ಮನುಷ್ಯರಿಗೂ ಅವತ್ತು ರಜ. ನಾವು ಬಂದು ಕೆಲಸ ಶುರುಮಾಡಿ ಇನ್ನೂ ಕಾಫಿ ಆರಿರಲಿಲ್ಲ, ಕರೆಂಟು ಹೋಯಿತು. ಯುಪಿಎಸ್ ಕೀಂ ಕೀಂ ಎಂದು ಗೋಳಾಡಿತು. ಗೋಪಿನಾಥ ಗೊಣಗುತ್ತ ಹಿತ್ತಿಲಿಗೆ ಹೋದವನು ಖಾಲಿ ಕೈಯಲ್ಲಿ ಬಂದ, ಜನರೇಟರಿನ ಹ್ಯಾಂಡಲ್ ನಾಪತ್ತೆ. ಕಳ್ಳರು ಇಡೀ ಜನರೇಟರನ್ನು ಬಿಟ್ಟು ಹ್ಯಾಂಡಲ್ ಮಾತ್ರ ಒಯ್ಯುತ್ತಾರೆಯೇ ಎಂದು ತರ್ಕಿಸುತ್ತ ಇಬ್ಬರೂ ಕೆಳಗಿಳಿದು ನೋಡಿದರೆ, ಬೀದಿಯಲ್ಲೆಲ್ಲ ಕರೆಂಟಿದೆ, ಈ ಮನೆಯ ಮೇನ್ ಸ್ವಿಚ್ ಮಾತ್ರ ಇಳಿಸಿದೆ. ಹ್ಯಾಂಡಲ್ ದೇವರ ಗೂಡಿನಲ್ಲಿ ಲಾಳಿಗಳ ಪಕ್ಕ ಮಲಗಿತ್ತು, ತೊಳೆಸಿಕೊಂಡು, ಕುಂಕುಮ ಹಚ್ಚಿಸಿಕೊಂಡು, ಮೇಲೊಂದು ದಾಸವಾಳ ಮುಡಿದು.

"ಅಮ್ಮಾ, ಇದೇನು ಇದು?" ಎಂದ ಗೋಪಿನಾಥ.

"ಮಗ್ಗಕ್ಕೆ ರಜ ಅಲ್ವಾ ಇವತ್ತು?"

"ಮಗ್ಗಕ್ಕೆ ಸರಿ, ನಮ್ದು ಕಂಪ್ಯೂಟರ್ ಅಲ್ವಾ?"

"ಇಷ್ಟ್ ದಿನ ಅಲ್ಲಿ ಏನೋ ಲೆಕ್ಕಪತ್ರ ಬರೀತಾರೆ ಅನ್ಕೊಂಡಿದ್ದೆ. ಮಂಜುಳಾ ಸೀರೆ ಅಂಚು ಅದ್ರಿಂದ್ಲೇ ಬಂತಲ್ಲಪ್ಪಾ? ಅಂದ್ಮೇಲೆ ಅದೂ ಮಗ್ಗಾನೇ. ಒಂದಿನ ಮಲಗ್ಲಿ ಬಿಡಿ, ಏನೂ ಮುಳುಗೋಗಲ್ಲ."

ಅದು ನಿಜವಾದ ಭಕ್ತಿಯೋ, ಹೊಗೆಯ ಮೇಲಿನ ಸೇಡೋ, ಇಂದಿಗೂ ನನಗೆ ಗೊತ್ತಿಲ್ಲ. ಎರಡೂ ಇದ್ದಿರಬಹುದು. ಅವರು ಇಳಿಸಿದ ಸ್ವಿಚ್ಚನ್ನು ಏರಿಸುವ, ದೇವರ ಮುಂದಿಟ್ಟದ್ದನ್ನು ಹೊತ್ತು ಮುಳುಗುವ ಮುನ್ನ ಎತ್ತಿಕೊಡಿ ಎಂದು ಕೇಳುವ ಧೈರ್ಯ ಗೋಪಿನಾಥನಿಗೆ ಬರಲಿಲ್ಲ, ರತ್ನಮ್ಮ ಪುಳಿಯೋಗರೆ ಕೊಟ್ಟರು, ತಿಂದು ಮೇಲೆ ಬಂದೆವು.

ಮೇಲೆ ಸೆಕೆ. ಕಿಟಕಿ ತೆರೆದೆವು. ಆ ಕೋಣೆಯ ಕಿಟಕಿಯಿಂದ ಬೇವಿನ ಮರ ಕಾಣುತ್ತದೆಂದು ನನಗೆ ಗೊತ್ತಾದದ್ದೇ ಅವತ್ತು. ಮಾಡಲು ಬೇರೇನೂ ಇರಲಿಲ್ಲವಾಗಿ, ಮೂಲೆಯ ಬಣವೆಯಿಂದ ನಮ್ಮದೇ ಪ್ರೋಗ್ರಾಮಿನ ಹಾಳೆಗಳನ್ನು ಎಳೆದು ನೆಲದ ಮೇಲೆ ಹಾಸಿ, ಪೆನ್ಸಿಲ್ ಹಿಡಿದು ಕೂತೆವು. ಯಂತ್ರ ನಡೆಯುತ್ತಿರುವಾಗ ಯಾರಿಗೆ ತಾನೆ ಅದರ ಲೆಕ್ಕದ ದಾರಿಯನ್ನು ನೋಡುವ ವ್ಯವಧಾನ? ಅವತ್ತು ನೋಡಿದೆವು, ನೋಡಿ ಇಬ್ಬರೂ ನಕ್ಕೆವು. ಮೊಗ್ಗು ಒಂದೇ, ಸೀರೆಯುದ್ದಕ್ಕೂ ಅದೇ ಮೊಗ್ಗು; ನಮ್ಮ ಪ್ರೋಗ್ರಾಂ ಮಾತ್ರ ಪ್ರತಿ ಮೊಗ್ಗನ್ನೂ ಹಿಂದೆಂದೂ ಕಂಡೇ ಇಲ್ಲವೆಂಬಂತೆ ಬುಡದಿಂದ ಲೆಕ್ಕ ಹಾಕುತ್ತಿತ್ತು. ಊಟಕ್ಕೆ ಕೂತ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಒಲೆ ಹಚ್ಚಿ ಅಕ್ಕಿ ತೊಳೆದು ಅನ್ನಕ್ಕಿಡುವ ಹಾಗೆ. ಒಂದು ಮೊಗ್ಗನ್ನು ಒಮ್ಮೆ ಎಣಿಸಿ ಇಟ್ಟುಕೊಂಡರೆ ಮುಗಿಯಿತು. ತಿದ್ದಿದ ಕಡೆ ಮಾತ್ರ ಮತ್ತೆ ಎಣಿಸಿದರೆ ಸಾಕು. ಬದಲಾದ ಪಟ್ಟಿಯನ್ನಷ್ಟೇ ಮುದ್ರಿಸಿದರೆ ಸಾಕು. ಮಸುಕಾಗುವ ಹೊತ್ತಿಗೆ ಗೋಪಿನಾಥ ಗೋಡೆಗೊರಗಿ, "ಸುಮಿತ್ರಾ, ನಾವು ಇಷ್ಟು ದಿನ ಡೀಸೆಲ್ ಸುಟ್ಟಿದ್ದು ಸೀರೆಗಲ್ಲ ಕಣ್ರೀ, ನಮ್ಮ ಸೋಮಾರಿತನಕ್ಕೆ" ಎಂದ. ನನಗೂ ಹಾಗೇ ಅನ್ನಿಸಿತು.

ಹೊಸ ಪ್ರೋಗ್ರಾಂ ಬರೆದು ಮುಗಿಸಲು ಕೆಲವು ದಿನ ಹಿಡಿಯಿತು. ಆಮೇಲೆ ಅರ್ಧ ದಿನ ತಿನ್ನುತ್ತಿದ್ದ ಕೆಲಸ ಕರೆಂಟು ಇದ್ದ ಹೊತ್ತಿನೊಳಗೇ ಆರಾಮವಾಗಿ ಅಡಗಿತು. ಕೂರುವವರಿಲ್ಲದ ಯಂತ್ರಗಳನ್ನು ಆರಿಸಿದೆವು, ಅವು ಸಾಯಲಿಲ್ಲ. ಏಸಿ ನಿಲ್ಲಿಸಿ ಕಿಟಕಿ ತೆರೆದೆವು, ಆಗಲೂ ಸಾಯಲಿಲ್ಲ. ನನ್ನ ನೆಗಡಿ ಮಾತ್ರ ವಾಸಿಯಾಯಿತು. ಕೆಳಗೆ ಹಿಂದಿನ ಕೋಣೆಯ ಕಿಟಕಿಯೂ ತೆರೆಯಿತು. ಕರೆಂಟು ಹೋಗಿ ಊರು ಸ್ತಬ್ಧವಾದಾಗ ಕೈಮಗ್ಗದ ಲಾಳಿ ಅತ್ತಿತ್ತ ಓಡುವ ಸದ್ದೊಂದೇ ಮಹಡಿಯವರೆಗೆ ಬರುತ್ತಿತ್ತು. ಆ ಸದ್ದು ಕೇಳುತ್ತ ನಾನು ಪೆನ್ಸಿಲಿನಲ್ಲಿ ಮುಂದಿನ ಡಿಸೈನು ಗೀಚುತ್ತಿದ್ದೆ. ನನಗೆ ಅಷ್ಟು ಸಂತೋಷದ ಕೆಲಸದ ದಿನಗಳು ಮತ್ತೆ ಸಿಕ್ಕಿಲ್ಲ.

ಎಲ್ಲವೂ ಹೀಗೆ ಸಲೀಸಾಗಿಯೇ ನಡೆಯಿತೆಂದು ತಿಳಿಯಬೇಡಿ. ಮದುವೆ ಹತ್ತಿರವಾಗಿ, ಸೆರಗೊಂದೇ ಬಾಕಿಯಿದ್ದ ಒಂದು ಮಧ್ಯಾಹ್ನ ಕರೆಂಟು ಹೋದದ್ದು ಬರಲೇ ಇಲ್ಲ. ಅವತ್ತೇ ಸಂಜೆಗೆ ಒಬ್ಬ ದೊಡ್ಡ ನೇಕಾರರಿಗೆ ಡಿಸೈನು ಮುಟ್ಟಿಸಬೇಕು. ಗೋಪಿನಾಥ ಕುಳಿತ, ಎದ್ದ, ಮತ್ತೆ ಕುಳಿತ. ಕೊನೆಗೆ ಹ್ಯಾಂಡಲ್ ಎತ್ತಿಕೊಂಡು ದಡದಡನೆ ಇಳಿದೇಬಿಟ್ಟ. ನಾನು ಕಿಟಕಿಯಿಂದ ಬಗ್ಗಿ ನೋಡಿದೆ. ಜನರೇಟರಿನ ಹತ್ತಿರ ಹೋದವನು ಹಿಂದಿನ ಕೋಣೆಯ ಕಿಟಕಿಯ ಮುಂದೆ ನಿಂತುಬಿಟ್ಟ. ಒಳಗೆ ರತ್ನಮ್ಮ ತಲೆ ಎತ್ತದೆ ನೇಯುತ್ತಿದ್ದರು. ಹ್ಯಾಂಡಲ್ ಹಿಡಿದವನನ್ನು ಕಂಡರೂ ಕಾಣದಂತೆ ಇದ್ದರೇನೋ. ಸ್ವಲ್ಪ ಹೊತ್ತಿನ ಮೇಲೆ ಅವನು ಹ್ಯಾಂಡಲನ್ನು ಮೆಟ್ಟಿಲ ಮೇಲಿಟ್ಟು, ಸ್ಕೂಟರ್ ಹತ್ತಿ ಹೋದ. ವ್ಯಾಪಾರ ಕೈತಪ್ಪಿತೆಂದೇ ನಾನು ಎಣಿಸಿದೆ. ಅವನು ತಿರುಗಿ ಬಂದಾಗ ಮುಖದ ಮೇಲೆ ವಿಚಿತ್ರವಾದ ನಗುವಿತ್ತು. ನಾಳೆ ಕೊಡುತ್ತೇನೆಂದು ಅಳುಕುತ್ತ ಹೇಳಿದ್ದಕ್ಕೆ ಆ ನೇಕಾರರು ಅಂದರಂತೆ, "ನಾಳೇನೇ ಕೊಡಿ ಗುರು. ಇವತ್ತು ಕೊಟ್ರೆ ನಾನೇನ್ ಮಾಡ್ಲಿ, ನಮ್ ಮಗ್ಗಕ್ಕೆಲ್ಲೈತೆ ಕರೆಂಟು?"

ಆ ಮಾತನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ಅವರ ಅವಸರವೆಂದುಕೊಂಡು ನಾವು ಹೊಗೆ ಹಾಕುತ್ತಿದ್ದೆವು, ಅವರಿಗೆ ಅವಸರವೇ ಇರಲಿಲ್ಲ. ನಮ್ಮ ಕಸುಬಿನಲ್ಲಿ ಸುಟ್ಟುಹೋಗುವ ಎಷ್ಟು ವಿದ್ಯುತ್ತು, ಎಷ್ಟು ಎಣ್ಣೆ, ಎಷ್ಟು ಕಾಗದ ಹೀಗೆ ಯಾರೂ ಕೇಳದ ವೇಗಕ್ಕೆ ಆಹುತಿಯಾಗುತ್ತಿದೆಯೋ! ಕೇಳಿದ್ದರೆ ಅವರೇ ಹೇಳುತ್ತಿದ್ದರು. ನಾವು ಕೇಳಿರಲಿಲ್ಲ, ಅಷ್ಟೇ.

ಧಾರೆಯ ದಿನ ಮಂಜುಳಾ ಆ ಬಿಳಿ ಸೀರೆಯುಟ್ಟು ಹಸೆಯ ಮೇಲೆ ಕೂತಳು. ಮಂಟಪದ ಬೆಳಕಿನಲ್ಲಿ ನಾನೂ ಗೋಪಿನಾಥನೂ ಕಳ್ಳರಂತೆ ಕಣ್ಣು ಕಿರಿದುಮಾಡಿಕೊಂಡು ಆ ಸೀರೆಯನ್ನು ಸೆರಗಿನಿಂದ ನೆರಿಗೆಯವರೆಗೆ ಹುಡುಕಿದೆವು. ಎಲ್ಲೂ ಒಂದು ಚುಕ್ಕೆ ಇರಲಿಲ್ಲ. ಗೋಪಿನಾಥ ಕರ್ಚೀಫು ತೆಗೆದು ಕಣ್ಣೊರೆಸಿಕೊಂಡ; ಹೋಮದ ಹೊಗೆ ಎಂದ. ಹೋಮಕ್ಕೆ ಇನ್ನೂ ಬೆಂಕಿ ಹಾಕಿರಲಿಲ್ಲ.

ಮುಂದೆ ಗೋಪಿನಾಥ ಜನರೇಟರನ್ನು ಮಾರಿದ. ಕೊಂಡವನು ಹ್ಯಾಂಡಲ್ ಎಲ್ಲಿ ಎಂದಾಗ ರತ್ನಮ್ಮ ಮೆಟ್ಟಿಲಿನಿಂದೆತ್ತಿ ಮತ್ತೆ ಇಟ್ಟಿದ್ದ ದೇವರ ಗೂಡಿನಿಂದ ತೆಗೆದುಕೊಡಬೇಕಾಯಿತು, ಹಳೆಯ ಕುಂಕುಮದ ಸಮೇತ. ನಾನು ಅಲ್ಲಿಂದ ಬೆಂಗಳೂರಿನ ದೊಡ್ಡದೊಂದು ಸಾಫ್ಟ್‌ವೇರ್ ಕಚೇರಿ ಸೇರಿ, ಈಗ ದಿನವೂ ದೊಡ್ಡಬಳ್ಳಾಪುರದಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ. ಹೊರಡುವ ದಿನ ರತ್ನಮ್ಮ ಕೊಟ್ಟದ್ದೇ ಈ ಹೊದಿಕೆ, ಕತ್ತರಿಸಿ ತೆಗೆದ ಆ ಶುರುವಿನ ಮೊಳ, ಅಂಚು ಮಡಿಚಿ ಹೊಲಿದದ್ದು. "ಒಗೆದಿದ್ರೆ ಹೋಗ್ತಿತ್ತೇನೋ, ನಾನೇ ಒಗೀಲಿಲ್ಲ. ನಿಮ್ ಮಗ್ಗಕ್ಕೆ ಹೊದ್ಸಿ" ಎಂದರು.

ನಮ್ಮ ಹೊಸ ಕಚೇರಿಯ ಕಿಟಕಿಗಳು ತೆರೆಯುವುದಿಲ್ಲ. ಜನರೇಟರ್ ಕಟ್ಟಡದ ಹಿಂಬದಿಗಿದೆ, ಕಾಣದ ಹಾಗೆ, ಕೇಳದ ಹಾಗೆ. ಅಲ್ಲಿ ಸೇರಿದ ವಾರವೇ ನಾನು ಹುಡುಕಿಕೊಂಡು ಹೋಗಿ ನೋಡಿದೆ: ಕಾಂಪೌಂಡಿನಾಚೆ ಒಬ್ಬರು ಗಾಡಿಯ ಮೇಲೆ ಇಸ್ತ್ರಿ ಮಾಡುತ್ತಾರೆ, ಹಗ್ಗದ ಮೇಲೆ ಬಿಳಿ ಶರ್ಟುಗಳು. ಅಂದಿನಿಂದ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನನ್ನ ಮೊದಲ ಪಾಠ ನಡೆಯುವುದು ಅಲ್ಲಿಯೇ. ಪಾಠವೆಂದರೆ ಪಾಠವೂ ಅಲ್ಲ, ಕಾಫಿ ಕುಡಿಯೋಣ ಬನ್ನಿ ಎಂದು ಕರೆದೊಯ್ದು ಸ್ವಲ್ಪ ಹೊತ್ತು ನಿಲ್ಲಿಸುತ್ತೇನೆ, ಅಷ್ಟೇ. ಯಾರ ಹೊಗೆ ಯಾರ ಬಿಳಿಯ ಮೇಲೆ ಬೀಳುತ್ತದೆಂದು ಒಮ್ಮೆ ಕಣ್ಣಾರೆ ಕಂಡವರು ಕೆಟ್ಟ ಪ್ರೋಗ್ರಾಂ ಬರೆಯಲು ಕೊಂಚ ನಾಚುತ್ತಾರೆ. ನನ್ನ ಅನುಭವದಲ್ಲಿ ಉಪದೇಶಕ್ಕಿಂತ ಅದು ಮೇಲು. ಒಂದು ಮಹಡಿಯ ಯಂತ್ರಗಳು ಈಗ ಸಂಜೆಗೆ ಆರುತ್ತವೆ. ಉಳಿದ ಮಹಡಿಗಳದ್ದೂ ಆದೀತು, ನನಗೆ ನಂಬಿಕೆಯಿದೆ, ಮೊಂಡುತನವೂ ಇದೆ.

ನಿನ್ನೆ ಸಂಜೆ ಹೊಸ ಹುಡುಗಿಯೊಬ್ಬಳು ನನ್ನ ಮೇಜಿನ ಹತ್ತಿರ ಬಂದು ಹೊದಿಕೆಯನ್ನು ಮುಟ್ಟಿ ನೋಡಿದಳು. ಇವಳೂ ನಿಂಬೆರಸ ಎನ್ನುತ್ತಾಳೆಂದು ಕಾದೆ. ಅವಳು ಕೇಳಿದ್ದು ಬೇರೆ: "ಮೇಡಂ, ಇದನ್ನ ಹೊದಿಸ್ಬೇಕಾದ್ರೆ ಕಂಪ್ಯೂಟರ್ ಆಫ್ ಮಾಡ್ಲೇಬೇಕಲ್ವಾ? ಇಲ್ದಿದ್ರೆ ಬಿಸಿಯಾಗ್ಬಿಡತ್ತೆ." ಹೌದೆಂದೆ. ಆರಿಸಿದೆ, ಆರುವವರೆಗೆ ಕಾದೆ, ಮಸಿಯ ಕಲೆ ಎದುರಿಗೆ ಕಾಣುವಂತೆ ಹೊದಿಸಿದೆ. ತಿರುಗಿ ನೋಡಿದರೆ ಅವಳು ತನ್ನ ಮೇಜಿಗೆ ಹೋಗಿ, ಹೆಗಲ ಮೇಲಿದ್ದ ಬಿಳಿ ದುಪಟ್ಟಾ ತೆಗೆದು, ಆರಿದ ಪರದೆಯ ಮೇಲೆ ಹಾಸುತ್ತಿದ್ದಳು.